ಗುಡ್ಡ ಕಳೆದ ಲೆಕ್ಕ

ಆರೋಗ್ಯ ಕೇಂದ್ರ ಗುಡ್ಡದ ನೆತ್ತಿಯಲ್ಲಿತ್ತು. ಅದನ್ನು ಅಲ್ಲಿ ಕಟ್ಟಿದವರು ಗಾಳಿ ಬೆಳಕಿನ ಬಗ್ಗೆ ಯೋಚಿಸಿದ್ದರು. ತುಂಬು ಬಸುರಿಯರು ಅಲ್ಲಿಗೆ ಹೇಗೆ ಹತ್ತಿ ಬಂದಾರು ಎಂದು ಯೋಚಿಸಿದಂತೆ ಕಾಣುತ್ತಿರಲಿಲ್ಲ. ಕೆಳಗಿನ ಊರಿನಿಂದ ಹೊರಟವರು ಕೇಂದ್ರದ ಜಗಲಿ ಮುಟ್ಟುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು. ಆ ಉಸಿರು ಇಳಿಯುವ ಮೊದಲೇ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರೆ ಎಲ್ಲರದೂ ಹೆಚ್ಚೇ.

ಕೇಂದ್ರದ ನರ್ಸನ್ನು ಊರೆಲ್ಲ ನರ್ಸಕ್ಕ ಎನ್ನುತ್ತಿತ್ತು. ಹೊಸದಾಗಿ ಬಂದಾಗ ಅವಳು ಮೀಟರು ತೋರಿಸಿದ್ದನ್ನೆಲ್ಲ ನಂಬಿದ್ದಳು. ಹೆಚ್ಚು ಕಂಡವರನ್ನೆಲ್ಲ ಪಟ್ಟಣದ ಆಸ್ಪತ್ರೆಗೆ ಕಳಿಸಿದ್ದಳು. ಅಲ್ಲಿ ಅವರು ಬೆಂಚಿನ ಮೇಲೆ ಅರ್ಧ ದಿನ ಕಾದು ಕೂತು, ಸರದಿ ಬಂದಾಗ ಬಿಪಿ ತೋರಿಸಿದರೆ ಏನೂ ಇರುತ್ತಿರಲಿಲ್ಲ. ಕೆಲಸ ಕೆಟ್ಟು, ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ವಾಪಸು ಬಂದವರು ಸುಮ್ಮನಿರುತ್ತಾರೆಯೇ? "ನರ್ಸಕ್ಕನಿಗೆ ನಮ್ಮನ್ನ ಕಂಡ್ರೆ ಆಗಲ್ಲ, ಬಸ್ಸು ಕಂಡ್ರೆ ಪ್ರೀತಿ" ಎಂದು ನಕ್ಕರು. ನಕ್ಕವರು ಆಮೇಲೆ ತಪಾಸಣೆಗೆ ಬರುವುದನ್ನೇ ಬಿಟ್ಟರು.

ಆಗ ಇದ್ದ ಹಿರಿಯ ಡಾಕ್ಟರರು ಒಂದು ಉಪಾಯ ಹೇಳಿದರು. ಗುಡ್ಡದ್ದು ಗುಡ್ಡಕ್ಕೆ ಬಿಟ್ಟು ಉಳಿದದ್ದನ್ನು ಬರೆಯಿರಿ ಎಂದರು. ಮೇಲಿನ ಅಂಕಿಯಲ್ಲಿ ಹದಿನೈದು, ಕೆಳಗಿನದರಲ್ಲಿ ಹತ್ತು. ಕೇಂದ್ರದಲ್ಲಿ ಅದಕ್ಕೆ 'ಗುಡ್ಡ ಕಳೆಯುವುದು' ಎಂದೇ ಹೆಸರಾಯಿತು. ಸುಮ್ಮಸುಮ್ಮನೆ ಪಟ್ಟಣಕ್ಕೆ ಓಡುವುದು ನಿಂತಿತು, ಹೆಂಗಸರು ಮತ್ತೆ ಬರತೊಡಗಿದರು. ಡಾಕ್ಟರರು ನಿವೃತ್ತರಾಗಿ ಹೋದರು, ಲೆಕ್ಕ ಉಳಿಯಿತು. ಈಗ ನರ್ಸಕ್ಕನಿಗೆ ಅದು ಯೋಚಿಸಿ ಮಾಡುವ ಕೆಲಸವೇ ಆಗಿರಲಿಲ್ಲ. ಕಣ್ಣು ಒಂದು ಅಂಕಿ ನೋಡುತ್ತಿತ್ತು, ಕೈ ಇನ್ನೊಂದನ್ನು ಬರೆಯುತ್ತಿತ್ತು.

ಆ ದಿನ ಬೆಳಗ್ಗೆ ಕೆಳಗಿನ ಊರಿನ ಟೈಲರಮ್ಮ ಬಂದಿದ್ದಳು. ಚೊಚ್ಚಲ ಬಸುರಿ, ಎಂಟನೆಯ ತಿಂಗಳು ಹಿಡಿದಿತ್ತು. ಅವಳ ಗಂಡ ಲಾರಿ ಓಡಿಸುವವನು, ಮನೆಯಲ್ಲಿದ್ದದ್ದಕ್ಕಿಂತ ರಸ್ತೆಯಲ್ಲಿದ್ದದ್ದೇ ಹೆಚ್ಚು. ಮನೆಯಲ್ಲಿ ಅತ್ತೆ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದಳು.

"ಏನೇ, ಕಾಲು ಇಷ್ಟು ಊದಿದೆ?" ಎಂದಳು ನರ್ಸಕ್ಕ.

"ಮಿಷನ್ ತುಳೀತೀನಲ್ಲಕ್ಕ. ಸ್ಕೂಲ್ ಶುರುವಾಗೋಕ್ಕೆ ಮುಂಚೆ ಅಷ್ಟೂ ಮಕ್ಕಳ ಯೂನಿಫಾರಂ ಕೊಡ್ಬೇಕು."

"ತಲೆನೋವು?"

"ನಮ್ಮತ್ತೆ ಮನೇಲಿದ್ದಾಗ ಇರತ್ತೆ, ಡೈರಿಗೆ ಹೋದಾಗ ಇರಲ್ಲ."

ಇಬ್ಬರೂ ನಕ್ಕರು. ಪಟ್ಟಿ ಸುತ್ತಿ ಗಾಳಿ ತುಂಬಿ ಬಿಟ್ಟಾಗ ಮೀಟರು ನೂರೈವತ್ತು, ಕೆಳಗೆ ತೊಂಬತ್ತೆಂಟು ತೋರಿಸಿತು. ನರ್ಸಕ್ಕನ ಕೈ ನೂರಮೂವತ್ತೈದು, ಎಂಬತ್ತೆಂಟು ಎಂದು ಬರೆಯಿತು. ಬಿಪಿ ಸರಿ ಇದ್ದವರ ಮೂತ್ರಕ್ಕೆ ಬಣ್ಣ ಬದಲಿಸುವ ಪಟ್ಟಿ ಅದ್ದಿ ನೋಡುವ ಪದ್ಧತಿ ಅಲ್ಲಿರಲಿಲ್ಲ. ಪಟ್ಟಿಗಳು ಯಾವಾಗಲೂ ಅಷ್ಟಕ್ಕಷ್ಟೇ ಇದ್ದುದರಿಂದ ಬಿಪಿ ಹೆಚ್ಚಿದವರಿಗಾಗಿ ಅವನ್ನು ಎತ್ತಿಡುತ್ತಿದ್ದರು. ಮಗುವಿನ ಎದೆಬಡಿತ ಕೇಳಿ, "ಎಲ್ಲ ಚೆನ್ನಾಗಿದೆ, ಕಬ್ಬಿಣದ ಮಾತ್ರೆ ಮಾತ್ರ ತಪ್ಪಿಸ್ಬೇಡ" ಎಂದು ನರ್ಸಕ್ಕ ಅವಳನ್ನು ಕಳಿಸಿಕೊಟ್ಟಳು.

ಮಧ್ಯಾಹ್ನ ಜಗಲಿಯಲ್ಲಿ ಹಾರ್ನಣ್ಣ ಬಂದು ನಿಂತ. ಆ ವರ್ಷ ಗುಡ್ಡದ ಮಣ್ಣುದಾರಿಗೆ ಡಾಂಬರು ಬಿದ್ದ ಮೇಲೆ ಕೆಳಗಿನ ಊರಿನಿಂದ ಮೇಲಕ್ಕೆ ವ್ಯಾನು ಓಡಿಸುತ್ತಿದ್ದವನು ಅವನು. ನಾಯಿ ಅಡ್ಡ ಬಂದರೂ, ನೆಂಟರು ಕಂಡರೂ, ಯಾರೂ ಕಾಣದಿದ್ದರೂ ಹಾರ್ನ್ ಒತ್ತುತ್ತಿದ್ದುದರಿಂದ ಅವನಿಗೆ ಆ ಹೆಸರು. ಕೈಯಲ್ಲಿ ಹೊಲಿಗೆಯವರ ಅಳತೆ ಟೇಪು ಇತ್ತು.

"ನರ್ಸಕ್ಕ, ಇದು ಟೈಲರಮ್ಮಂದು. ಸೀಟಲ್ಲಿ ಬಿಟ್ಟು ಹೋಗಿದಾಳೆ. ಇಲ್ಲೇ ಇದಾಳೇನೋ ಅಂತ ಬಂದೆ."

"ಅವಳು ಆಗ್ಲೇ ಹೋದ್ಲಲ್ಲ. ನಿನ್ನ ವ್ಯಾನಲ್ಲಿ ಇಳೀಲಿಲ್ವಾ?"

"ಇಲ್ಲ, ಇಳಿಯುವಾಗ ಯಾರದೋ ಗಾಡಿ ಸಿಕ್ಕಿರ್ಬೇಕು. ಬರುವಾಗ ನನ್ನ ವ್ಯಾನೇ. ಮುಂದಿನ ಸೀಟೇ ಬೇಕು ಅಂದ್ಲು. ಕಾಲು ಚಪ್ಪಲಿಗೆ ಹಿಡೀತಿಲ್ಲ, ನಡೆಯೋ ಮಾತೇ ಇಲ್ಲ ಅಂದ್ಲು. ನಾನು ಹೂವಿನ ಹಾಗೆ ಕರ್ಕೊಂಡು ಬಂದಿದೀನಿ, ಬೇಕಾದ್ರೆ ಕೇಳಿ."

ನರ್ಸಕ್ಕನ ಕೈಯಲ್ಲಿದ್ದ ಟೀ ಲೋಟ ತುಟಿಯ ಬಳಿಯೇ ನಿಂತಿತು.

ಟೈಲರಮ್ಮ ಗುಡ್ಡ ಹತ್ತಿಯೇ ಇರಲಿಲ್ಲ. ಕೂತು ಬಂದಿದ್ದಳು, ಕೂತೇ ಸರದಿ ಕಾದಿದ್ದಳು. ಅವಳ ನೂರೈವತ್ತರಲ್ಲಿ ಗುಡ್ಡದ್ದು ಒಂದು ಚೂರೂ ಇರಲಿಲ್ಲ, ಅಷ್ಟೂ ಅವಳದೇ. ಊದಿದ ಕಾಲು, ನಗೆಯಲ್ಲಿ ತೇಲಿಹೋದ ತಲೆನೋವು, ಅದ್ದದೆ ಉಳಿದ ಮೂತ್ರದ ಪಟ್ಟಿ, ಎಲ್ಲ ಒಂದರ ಪಕ್ಕ ಒಂದು ಬಂದು ಕೂತವು. ಬಸುರಿನ ಕೊನೆಯ ತಿಂಗಳುಗಳಲ್ಲಿ ಬರುವ ಈ ಬಿಪಿ ಯಾವ ಗಳಿಗೆಯಲ್ಲಿ ಫಿಟ್ಸ್‌ಗೆ ತಿರುಗುತ್ತದೆ ಎಂದು ಹೇಳಲಾಗದು. ತಿರುಗಿದರೆ ತಾಯಿ, ಮಗು ಎರಡೂ ಕೈತಪ್ಪಿ ಹೋಗಬಹುದು. ನರ್ಸಕ್ಕ ಅದನ್ನು ತರಬೇತಿಯಲ್ಲಿ ಓದಿದ್ದಳು. ಒಮ್ಮೆ ಕಣ್ಣಾರೆ ನೋಡಿಯೂ ಇದ್ದಳು.

ಅವಳು ಟೈಲರಮ್ಮನಿಗೆ ಫೋನು ಮಾಡಿದಳು. ಗಂಟೆ ಹೊಡೆದು ಹೊಡೆದು ನಿಂತಿತು. ಮಿಷನ್ನಿನ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ ಎಂದುಕೊಂಡಳು. ಬೇರೆ ಏನನ್ನೂ ಅಂದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಬಿಪಿ ಮೀಟರು, ಮೂತ್ರದ ಪಟ್ಟಿ, ಫಿಟ್ಸ್ ತಡೆಯುವ ಇಂಜೆಕ್ಷನ್ನು, ಬಿಪಿ ಇಳಿಸುವ ಮಾತ್ರೆ ಚೀಲಕ್ಕೆ ಹಾಕಿಕೊಂಡಳು. ಕೇಂದ್ರ ನೋಡಿಕೊಳ್ಳಲು ಆಯಾಗೆ ಹೇಳಿ ವ್ಯಾನು ಹತ್ತಿದಳು.

"ಏನಕ್ಕ, ಟೇಪು ಕೊಡೋಕೆ ನೀವೇ ಹೊರಟ್ರಾ?"

"ಸುಮ್ನೆ ಓಡಿಸೋ. ಕಿವಿಗೆ ಫೋನು ಹಿಡ್ಕೊಂಡಿದೀನಿ, ಹಾರ್ನ್ ಮುಟ್ಬೇಡ."

ಹಾರ್ನಣ್ಣ ಅವಳ ಮುಖ ನೋಡಿ ಕೈ ತೆಗೆದ. ನರ್ಸಕ್ಕ ಪಟ್ಟಣದ ಆಸ್ಪತ್ರೆಗೆ ಫೋನು ಹಚ್ಚಿ ಅಲ್ಲಿನ ಹೆರಿಗೆ ವಿಭಾಗದ ಡಾಕ್ಟ್ರಮ್ಮನ ಜತೆ ಮಾತಾಡಿದಳು. ನೋಡಿ ಮತ್ತೆ ತಿಳಿಸಿ, ಹಾಸಿಗೆ ಖಾಲಿ ಇಟ್ಟಿರುತ್ತೇನೆ ಎಂದರು ಡಾಕ್ಟ್ರಮ್ಮ.

ಟೈಲರಮ್ಮನ ಮನೆಯ ಮುಂದೆ ಇಳಿದಾಗ ಒಳಗಿನಿಂದ ಮಿಷನ್ನಿನ ಕಟಕಟ ಕೇಳಿಸಿತು. ನರ್ಸಕ್ಕನಿಗೆ ಹೋದ ಜೀವ ಬಂದಂತಾಯಿತು. ಅತ್ತೆ ಅಂಗಳದಲ್ಲಿ ಹಾಲಿನ ಕ್ಯಾನು ತಿಕ್ಕುತ್ತಿದ್ದಳು. ಅವಳ ಬಾಯಿ ಊರಿಗೇ ಹೆಸರುವಾಸಿ. ಡೈರಿಯ ಸಾಲಿನಲ್ಲಿ ಅವಳು ಬೆಳಗ್ಗೆ ಆಡಿದ್ದು ಮಧ್ಯಾಹ್ನದೊಳಗೆ ಅಕ್ಕಪಕ್ಕದ ಹಳ್ಳಿಗೂ ತಲುಪುತ್ತಿತ್ತು.

"ಏನು ನರ್ಸಕ್ಕ, ದಾರಿ ತಪ್ಪಿ ಬಂದ್ಯಾ?"

"ನಿನ್ನ ಸೊಸೆಗೆ ಇನ್ನೊಂದ್ಸಲ ಬಿಪಿ ನೋಡ್ಬೇಕಮ್ಮ."

"ಬೆಳಗ್ಗೆ ನೋಡಿ ಚೆನ್ನಾಗಿದೆ ಅಂದ್ಯಂತೆ. ಅಷ್ಟರಲ್ಲೇ ಕೆಟ್ಟೋಗತ್ತಾ, ಅದೇನು ಹಾಲಾ?"

ಒಳಗೆ ನೀಲಿ ಬಟ್ಟೆಯ ರಾಶಿ. ಒಂದು ಮೂಲೆಯಲ್ಲಿ ಹೊಲಿದು ಮಡಿಸಿಟ್ಟ ಅಂಗಿಗಳು, ಇನ್ನೊಂದು ಮೂಲೆಯಲ್ಲಿ ಕತ್ತರಿಸಿಟ್ಟ ತೋಳು, ಕಾಲರು. ನರ್ಸಕ್ಕ ಟೈಲರಮ್ಮನನ್ನು ಮಿಷನ್ನಿನಿಂದ ಎಬ್ಬಿಸಿ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕೂರಿಸಿ, ಊದಿದ ಪಾದಗಳನ್ನು ನೆಲಕ್ಕೆ ಸರಿಯಾಗಿ ಊರಿಸಿದಳು. ತೋಳನ್ನು ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲೆ ಇಡಿಸಿದಳು. ಉಸಿರು, ಮನಸ್ಸು ಎರಡೂ ತಣ್ಣಗಾಗುವವರೆಗೆ ಕಾಯಬೇಕು, ಯಾರೂ ಮಾತಾಡಬಾರದು ಎಂದಳು. ಅತ್ತೆ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತು ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಮುಚ್ಚಿದಳು. ಆ ಮನೆಯಲ್ಲಿ ಅಷ್ಟು ಹೊತ್ತು ಮೌನ ಬಹಳ ದಿನಗಳಿಂದ ಇರಲಿಲ್ಲವೇನೋ, ಟೈಲರಮ್ಮನಿಗೆ ನಗು ತಡೆಯಲಾಗಲಿಲ್ಲ.

"ನಗ್ಬೇಡ್ವೇ. ಮತ್ತೆ ಮೊದಲಿಂದ ಕಾಯ್ಬೇಕಾಗತ್ತೆ."

ಮೀಟರು ನೂರರವತ್ತನಾಲ್ಕು, ನೂರಹನ್ನೆರಡು ತೋರಿಸಿತು. ಇನ್ನೊಂದು ತೋಳಿಗೆ ಸುತ್ತಿದರೂ ಹೆಚ್ಚುಕಡಿಮೆ ಅಷ್ಟೇ. ಮೂತ್ರದ ಪಟ್ಟಿ ಅದ್ದಿ ತೆಗೆದಾಗ ಹಳದಿಯಿದ್ದದ್ದು ಗಾಢ ಹಸಿರಾಯಿತು, ಮೂತ್ರದಲ್ಲಿ ಪ್ರೋಟೀನು ಹೋಗುತ್ತಿತ್ತು.

"ಕಣ್ಣ ಮುಂದೆ ಏನಾದ್ರೂ ಚುಕ್ಕೆ ಕಾಣಿಸ್ತಿದೆಯಾ?"

"ನಿನ್ನೆಯಿಂದ ಮಿಣಮಿಣ ಅಂತಿದೆ ಅಕ್ಕ. ಬಗ್ಗಿ ಸೂಜಿ ನೋಡ್ತೀನಲ್ಲ, ಅದಕ್ಕೇ."

ಅವಳೂ ಕಳೆಯುತ್ತ ಬಂದಿದ್ದಳು ಎಂದು ನರ್ಸಕ್ಕನಿಗೆ ಹೊಳೆಯಿತು. ಕಾಲಿನ ಊತವನ್ನು ಪೆಡಲಿಗೆ, ಕಣ್ಣಿನ ಚುಕ್ಕೆಯನ್ನು ಸೂಜಿಗೆ, ತಲೆನೋವನ್ನು ಅತ್ತೆಗೆ ಕೊಟ್ಟು, ತನ್ನ ಪಾಲಿಗೆ ಏನೂ ಇಲ್ಲದಂತೆ ಮಾಡಿಕೊಂಡಿದ್ದಳು.

"ಈಗಲೇ ಪಟ್ಟಣದ ಆಸ್ಪತ್ರೆಗೆ ಹೊರಡ್ಬೇಕು" ಎಂದಳು ನರ್ಸಕ್ಕ.

"ಅಯ್ಯೋ, ಇಷ್ಟು ಯೂನಿಫಾರಂ ಬಿಟ್ಟು?" ಎಂದಳು ಟೈಲರಮ್ಮ.

ಅತ್ತೆ ಹೊಸ್ತಿಲು ದಾಟಿ ಒಳಗೆ ಬಂದಳು. "ನಿಲ್ಲು ನಿಲ್ಲು. ಬೆಳಗ್ಗೆ ಚೆನ್ನಾಗಿತ್ತು, ಮಧ್ಯಾಹ್ನ ಕೆಟ್ಟಿತು. ಹಾಗಾದ್ರೆ ಸಂಜೆಗೆ ಮತ್ತೆ ಸರಿಯಾಗ್ಬಹುದಲ್ಲ? ಒಂದು ರಾತ್ರಿ ಮಲಗೆದ್ದು ಬೆಳಗ್ಗೆ ನೋಡಿದ್ರಾಯ್ತು. ಮಗನೂ ಊರಲ್ಲಿಲ್ಲ."

ಒಂದು ಸುಲಭದ ಮಾತು ನರ್ಸಕ್ಕನ ನಾಲಿಗೆಯ ತುದಿಯಲ್ಲೇ ಇತ್ತು. ಬೆಳಗ್ಗೆ ಸರಿಯಿತ್ತು, ಈಗ ಏರಿದೆ, ಹೀಗಾಗುವುದುಂಟು. ಅದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಅವಳ ಮೇಲೆ ಊರಿಗಿದ್ದ ನಂಬಿಕೆಗೆ ಧಕ್ಕೆಯೂ ಆಗುತ್ತಿರಲಿಲ್ಲ. ಆ ನಂಬಿಕೆಯನ್ನು ಗಳಿಸಲು ಅವಳು ಎಷ್ಟೋ ವರ್ಷ ಮನೆಮನೆ ತಿರುಗಿದ್ದಳು. ಆದರೆ ಆ ಮಾತು ಆಡಿದರೆ, ಏರಿದ್ದು ಇಳಿಯಬಹುದು ಎನ್ನುವ ಅತ್ತೆಯ ವಾದಕ್ಕೆ ಅವಳೇ ಊರುಗೋಲು ಕೊಟ್ಟಂತಾಗುತ್ತಿತ್ತು. ಬೆಳಗ್ಗೆಯೂ ಚೆನ್ನಾಗಿರಲಿಲ್ಲ ಎಂಬುದು ಗೊತ್ತಾಗದೆ ಈ ಮನೆಯಿಂದ ಯಾರೂ ಏಳುವವರಲ್ಲ.

"ಬೆಳಗ್ಗೆ ಚೆನ್ನಾಗಿರಲಿಲ್ಲಮ್ಮ" ಎಂದಳು. "ನಾನೇ ತಪ್ಪು ಹೇಳ್ದೆ."

"ಅಂದ್ರೆ?"

"ಗುಡ್ಡ ಹತ್ತಿ ಬಂದವರಿಗೆ ಬಿಪಿ ಸ್ವಲ್ಪ ಜಾಸ್ತಿ ತೋರಿಸತ್ತೆ. ಅದಕ್ಕೆ ಅಷ್ಟು ಕಳೆದು ಬರೀತೀವಿ. ಇವಳು ಹತ್ತೇ ಇರಲಿಲ್ಲ, ವ್ಯಾನಲ್ಲಿ ಬಂದಿದ್ಲು. ನಾನು ಕೇಳ್ದೆ ಕಳೆದುಬಿಟ್ಟೆ."

ಅತ್ತೆಯ ಮುಖ ಕೆಂಪಾಗುತ್ತ ಬಂತು.

"ಅಂದ್ರೆ ಡೈರಿಯವನು ನೊರೆ ಕಳೆಯೋ ಹಾಗೆ."

"ಏನು?"

"ಆಗ ತಾನೇ ಕರೆದ ಹಾಲು ತಗೊಂಡು ಹೋದ್ರೆ ನೊರೆ ಇರತ್ತೆ, ಸ್ವಲ್ಪ ಹಿಡೀತಾನೆ, ಒಪ್ಕೋತೀನಿ. ನೊರೆ ಎಲ್ಲ ಇಳಿದು ತಣ್ಣಗಾದ ಹಾಲಿಗೂ ಅಷ್ಟೇ ಹಿಡೀತಾನೆ. ಕೇಳಿದ್ರೆ, ಎಲ್ಲರಿಗೂ ಹಿಡಿಯೋದೇ ಅಂತಾನೆ. ದಿನಾ ಜಗಳ ಆಡ್ತೀನಿ ನಾನು ಅವನ ಹತ್ರ. ನೀನು ಓದಿದವಳು, ನನ್ನ ಸೊಸೆಗೆ ಅದನ್ನೇ ಮಾಡಿದ್ಯಾ?"

"ಹೌದು" ಎಂದಳು ನರ್ಸಕ್ಕ. "ಅದನ್ನೇ ಮಾಡ್ದೆ."

"ನಿನ್ನ ಜತೆ ಆಮೇಲೆ ಮಾತಾಡ್ತೀನಿ." ಅತ್ತೆ ಗೂಟದಲ್ಲಿದ್ದ ಚೀಲ ಎಳೆದುಕೊಂಡು ಅದಕ್ಕೆ ಬಟ್ಟೆ ತುರುಕತೊಡಗಿದಳು. "ಏಳೇ. ಹೊರಡು."

"ಅತ್ತೆ, ಯೂನಿಫಾರಂ..."

"ಹಳೇ ಅಂಗಿ ಹಾಕ್ಕೊಂಡ್ರೆ ಮಕ್ಕಳಿಗೆ ಪಾಠ ತಲೆಗೆ ಹತ್ತಲ್ವಾ? ಏಳು ಅಂದೆ."

ನರ್ಸಕ್ಕ ಡಾಕ್ಟ್ರಮ್ಮನಿಗೆ ಅಂಕಿಗಳನ್ನು ಇದ್ದಂತೆ ಓದಿ ಹೇಳಿ, ಅವರು ಹೇಳಿದಂತೆ ಮಾತ್ರೆ ನುಂಗಿಸಿ, ಇಂಜೆಕ್ಷನ್ನನ್ನು ಎರಡೂ ಕಡೆಯ ಸೊಂಟಕ್ಕೆ ಕೊಟ್ಟಳು. ಮೈಯೆಲ್ಲ ಬೆಂಕಿ ಹತ್ತಿದ ಹಾಗಿದೆ ಎಂದು ಟೈಲರಮ್ಮ ಹಲ್ಲು ಕಚ್ಚಿದಳು. ಹಾಗೇ ಆಗುತ್ತದೆ, ಹೆದರಬೇಡ ಎಂದು ನರ್ಸಕ್ಕ ಅವಳ ಕೈ ಹಿಡಿದುಕೊಂಡಳು. ಆಂಬುಲೆನ್ಸು ಬೇರೆ ಕರೆಗೆ ಹೋಗಿತ್ತು. ದೊಡ್ಡ ರಸ್ತೆಯಲ್ಲಿ ಸಿಗುತ್ತೇವೆ ಎಂದರು. ಅಲ್ಲಿಯವರೆಗೆ ಹಾರ್ನಣ್ಣ ತನ್ನ ಜೀವನದಲ್ಲೇ ಮೊದಲ ಸಲ ಹಾರ್ನ್ ಇಲ್ಲದೆ, ಒಂದು ಗುಂಡಿಗೂ ಚಕ್ರ ಇಳಿಸದೆ ವ್ಯಾನು ಓಡಿಸಿದ. ಹಿಂದಿನ ಸೀಟಿನಲ್ಲಿ ಟೈಲರಮ್ಮ ಎಡಮಗ್ಗುಲಿಗೆ ಮಲಗಿದ್ದಳು, ತಲೆ ಅತ್ತೆಯ ತೊಡೆಯ ಮೇಲಿತ್ತು. ಅತ್ತೆ ದಾರಿಯುದ್ದಕ್ಕೂ ಡೈರಿಯವನನ್ನು ಬೈದಳು. ನರ್ಸಕ್ಕನಿಗೆ ಅದು ಯಾರಿಗೆ ಸಲ್ಲುವ ಬೈಗುಳವೆಂದು ತಿಳಿಯದೇನೂ ಇರಲಿಲ್ಲ.

ಬಿಪಿಯನ್ನು ಹತೋಟಿಗೆ ತಂದು, ಮಾರನೆಯ ದಿನ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು ಮಗು, ಅವಧಿಗೆ ಮೊದಲೇ ಬಂದದ್ದು, ಅಂಗೈ ಮೇಲೆ ಹಿಡಿಸುವಷ್ಟು. ಹುಟ್ಟಿದ ಕೂಡಲೇ ಅಳಲಿಲ್ಲ. ಉಸಿರು ಕೊಟ್ಟ ಮೇಲೆ ಬೆಕ್ಕಿನ ಮರಿಯಂತೆ ಒಂದು ಸಣ್ಣ ಸದ್ದು ಮಾಡಿತು. ತಾಯಿಗೆ ಫಿಟ್ಸ್ ಬರಲಿಲ್ಲ. ಮಗುವಿನ ಬಗ್ಗೆ ಮಾತ್ರ ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟ್ರಮ್ಮ.

ಅತ್ತೆ ಆಸ್ಪತ್ರೆಯಲ್ಲಿ ಉಳಿದರೂ ಅವಳ ಮಾತು ಊರಿಗೆ ಬಂದಿತ್ತು. ಹಸು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯವಳಿಗೆ ಫೋನಿನಲ್ಲಿ ಹೇಳಿದರೆ ಸಾಕಿತ್ತು, ಉಳಿದದ್ದನ್ನು ಡೈರಿಯ ಸಾಲು ನೋಡಿಕೊಂಡಿತು. ನರ್ಸಕ್ಕ ತಲೆ ತಗ್ಗಿಸಿ ಕೇಂದ್ರದ ಬಾಗಿಲು ತೆರೆದ ದಿನ ಜಗಲಿಯ ತುಂಬ ಬಸುರಿಯರು. "ನನ್ನದರಲ್ಲೂ ಗುಡ್ಡ ಕಳೆದಿದ್ಯಾ ಅಕ್ಕ?" ಎಂದು ಒಬ್ಬಳು ಕೇಳಿದಳು. "ನಂದರಲ್ಲಿ ಎಷ್ಟು ಹಿಡಿದೆ?" ಎಂದಳು ಇನ್ನೊಬ್ಬಳು. ಬರುವುದನ್ನೇ ಬಿಡುತ್ತಾರೆ ಎಂದು ಅವಳು ಹೆದರಿದ್ದಳು. ಅವರು ತಮ್ಮ ಬಾಕಿ ವಸೂಲಿಗೆ ಬಂದವರಂತೆ ಬಂದಿದ್ದರು. ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿ, ದಣಿವಾರಿದ ಮೇಲೆ ಒಬ್ಬೊಬ್ಬರಿಗೂ ಎರಡೆರಡು ಸಲ ನೋಡಿದಳು. ಬಹುಪಾಲು ಜನಕ್ಕೆ ಏನೂ ಇರಲಿಲ್ಲ. ಇಬ್ಬರದು ಇಳಿಯಲೇ ಇಲ್ಲ. ಅವರನ್ನು ಪಟ್ಟಣಕ್ಕೆ ಕಳಿಸುವಾಗ ಯಾರೂ ಬಸ್ಸಿನ ಮಾತೆತ್ತಿ ನಗಲಿಲ್ಲ.

ತಿಂಗಳ ಸಭೆ ಪಟ್ಟಣದ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ನಡೆಯುತ್ತಿತ್ತು. ಸುತ್ತಲಿನ ಕೇಂದ್ರಗಳ ನರ್ಸುಗಳೆಲ್ಲ ಸೇರಿದ್ದರು. ನರ್ಸಕ್ಕ ಎದ್ದು ನಿಂತು ನಡೆದದ್ದನ್ನು ಬಿಡದೆ ಹೇಳಿದಳು. ಹೇಳಿ ಮುಗಿಸಿ ತಲೆ ಎತ್ತಿದಳು. ಎಲ್ಲರೂ ತನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾರೆ ಎಂದುಕೊಂಡಳು. ಆದರೆ ಅವರು ಒಬ್ಬರನ್ನೊಬ್ಬರು ನೋಡುತ್ತಿದ್ದರು.

"ನಮ್ಮಲ್ಲಿ ಗುಡ್ಡ ಇಲ್ಲ" ಎಂದಳು ಹೊಳೆದಂಡೆಯ ಕೇಂದ್ರದವಳು, ಮೆಲ್ಲಗೆ. "ನಾವು ದೋಣಿ ಕಳೀತೀವಿ. ದೋಣೀಲಿ ಬಂದವರು ಹೆದರಿರ್ತಾರಲ್ಲ."

"ನಾವು ಡಾಕ್ಟ್ರನ್ನೇ ಕಳೀತೀವಿ" ಎಂದಳು ಮತ್ತೊಬ್ಬಳು. "ನಮ್ಮ ಡಾಕ್ಟ್ರ ಮುಖ ನೋಡಿದ್ರೆ ನನಗೇ ಬಿಪಿ ಏರತ್ತೆ."

ಕೋಣೆ ನಕ್ಕಿತು. ಡಾಕ್ಟ್ರಮ್ಮನೂ ನಕ್ಕರು. ಆಮೇಲೆ ಹೇಳಿದರು: "ಹತ್ತಿ ಬಂದ್ರೆ ಮೇಲಿನ ಅಂಕಿ ಏರಬಹುದು. ಕೆಳಗಿನದು ಅಷ್ಟೊಂದು ಏರೋದಿಲ್ಲ. ಹಾಗಾಗಿ ಅದರಲ್ಲಿ ಹತ್ತು ಕಳೆದದ್ದು ಮೊದಲ ದಿನದಿಂದಲೂ ತಪ್ಪೇ. ಆದ್ರೆ ನಮ್ಮ ತಪ್ಪೂ ಇದೆ. ನೀವು ಕಳಿಸಿದವರನ್ನ ಏನೂ ಇಲ್ಲ ಅಂತ ವಾಪಸ್ ಕಳಿಸಿದ್ವಿ. ಕೂತು ಕಾದ ಮೇಲೆ ಸರಿಹೋಗಿದೆ, ನೀವೂ ಹಾಗೇ ಕೂರಿಸಿ ನೋಡಿ ಅಂತ ಒಂದು ಮಾತು ನಿಮಗೆ ಹೇಳಿ ಕಳಿಸಲಿಲ್ಲ. ಹೇಳಿದ್ರೆ ಕಳೆಯೋ ಅಗತ್ಯವೇ ಬರ್ತಿರಲಿಲ್ಲ."

ಅಂದಿನಿಂದ ಯಾವ ಕೇಂದ್ರದಲ್ಲೂ ಏನನ್ನೂ ಕಳೆಯಬಾರದು ಎಂದಾಯಿತು. ಬಂದವಳನ್ನು ಮೊದಲು ಕೂರಿಸಬೇಕು. ಕಂಡದ್ದನ್ನೇ ಬರೆಯಬೇಕು, ಹೆಚ್ಚಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿ ಅದನ್ನೂ ಬರೆಯಬೇಕು. ಮೂತ್ರದ ಪಟ್ಟಿ ಎಲ್ಲರಿಗೂ ಸಾಕಾಗುವಷ್ಟು ತರಿಸುವುದು ತಮ್ಮ ಜವಾಬ್ದಾರಿ ಎಂದರು ಡಾಕ್ಟ್ರಮ್ಮ. ಒರಗುವ ಕುರ್ಚಿಗಳು ಎಲ್ಲಿಂದ ಬರಬೇಕು ಎಂಬುದರ ಮೇಲೆ ಚರ್ಚೆ ಬಹಳ ಹೊತ್ತು ನಡೆದು, ತೀರ್ಮಾನವಾಗದೆ ಮುಂದಿನ ಸಭೆಗೆ ಹೋಯಿತು.

ಸಭೆ ಮುಗಿದ ಮೇಲೆ ನರ್ಸಕ್ಕ ಕೆಳಗಿಳಿದು ಮಕ್ಕಳ ವಾರ್ಡಿನ ಬಾಗಿಲಲ್ಲಿ ನಿಂತಳು. ಮಗು ಇನ್ನೂ ಮೂಗಿನ ನಳಿಕೆಯಲ್ಲೇ ಹಾಲು ಕುಡಿಯುತ್ತಿದೆ, ತೂಕ ಏರುತ್ತಿಲ್ಲ ಎಂದು ಮೇಲೆ ಯಾರೋ ಹೇಳಿದ್ದರು.

"ಅಲ್ಲೇನು ಗೊಂಬೆ ಹಾಗೆ ನಿಂತಿದ್ಯಾ? ಬಾ ಒಳಗೆ" ಎಂದಳು ಅತ್ತೆ.

ಟೈಲರಮ್ಮನ ಗಂಡ ಅಂಗಿಯ ಗುಂಡಿ ಬಿಚ್ಚಿ ಕುರ್ಚಿಗೆ ಒರಗಿದ್ದ. ಅವನ ಬರಿಯ ಎದೆಯ ಮೇಲೆ ಮಗುವನ್ನು ಮಲಗಿಸಿ ಬಟ್ಟೆಯಿಂದ ಸುತ್ತಿ ಕಟ್ಟಿದ್ದರು. ಮೈಯ ಬಿಸಿ ತಾಗಿದರೆ ಇಂಥ ಮಕ್ಕಳು ಬೇಗ ಚೇತರಿಸಿಕೊಳ್ಳುತ್ತವೆ. ಅವನು ಕಣ್ಣುಗುಡ್ಡೆಯನ್ನೂ ಅಲುಗಿಸದೆ ಕೂತಿದ್ದ.

"ಉಸಿರಾಡೋ" ಎಂದಳು ಅವನ ತಾಯಿ. "ಲಾರಿ ಓಡಿಸುವಾಗ ಇಷ್ಟು ಹುಷಾರಾಗಿದ್ರೆ ನನಗೆ ನಿದ್ದೆನಾದ್ರೂ ಬರ್ತಿತ್ತು."

ಟೈಲರಮ್ಮ ಹಾಸಿಗೆಯಲ್ಲಿ ಎದ್ದು ಕೂತಿದ್ದಳು. ಮುಖದ ಊತ ಇಳಿದು, ಅವಳದೇ ಮುಖ ಮತ್ತೆ ಕಾಣುತ್ತಿತ್ತು. "ಬೆಳಗ್ಗೆ ನನ್ನ ಬಿಪಿ ನೂರಮೂವತ್ತೆರಡು, ಎಂಬತ್ತಾರು ಅಕ್ಕ" ಎಂದಳು, ನರ್ಸಕ್ಕ ಕೇಳುವ ಮೊದಲೇ. "ಇವರು ಬರೆಯೋ ಮುಂಚೆ ಮೀಟರು ನಾನೇ ನೋಡ್ತೀನಿ."

"ನೋಡ್ಬೇಕು" ಎಂದಳು ನರ್ಸಕ್ಕ. ತಪ್ಪಾಯ್ತು ಎನ್ನಲು ಬಾಯಿ ತೆರೆದಳು.

"ಸಾಕು ಬಿಡು" ಎಂದಳು ಅತ್ತೆ. "ನನ್ನ ಜಗಳ ಬಾಕಿ ಇದೆ. ಊರಿಗೆ ಬಂದ ಮೇಲೆ ಸಾವಕಾಶವಾಗಿ ಆಡ್ತೀನಿ."

ಅಷ್ಟರಲ್ಲಿ ವಾರ್ಡಿನ ನರ್ಸು ಬಂದು, ಇವತ್ತು ಎದೆಗೆ ಹಚ್ಚಿ ನೋಡೋಣ ಎಂದಳು. ನಿನ್ನೆ, ಮೊನ್ನೆ ಹಚ್ಚಿದಾಗ ಮಗು ಬಾಯಿ ತೆರೆದು ಹಾಗೇ ನಿದ್ದೆ ಹೋಗಿತ್ತಂತೆ. ತಂದೆಯ ಎದೆಯಿಂದ ಮಗುವನ್ನು ಬಿಡಿಸಿ ತಾಯಿಯ ತೋಳಿಗೆ ಕೊಟ್ಟರು. ತಲೆ ಕಿತ್ತಳೆ ಹಣ್ಣಿನಷ್ಟಿತ್ತು, ಬೆರಳುಗಳು ಅಕ್ಕಿ ಕಾಳಿನಷ್ಟು. ಟೈಲರಮ್ಮ ಅದರ ತುಟಿಗೆ ಹಾಲಿನ ಒಂದು ಹನಿ ಸವರಿದಳು. ಮಗು ಮುಖ ಕಿವುಚಿತು, ಬಾಯಿ ತೆರೆಯಿತು, ಹಿಡಿಯಿತು. ಎರಡು ಸಲ ಚೀಪಿ ನಿಲ್ಲಿಸಿತು.

"ನಿಂತೋಯ್ತು" ಎಂದ ಗಂಡ.

"ನಿಲ್ಲಲಿ" ಎಂದಳು ವಾರ್ಡಿನ ನರ್ಸು. "ಅದಕ್ಕಿದು ಹೊಸ ಕೆಲಸ."

ಟೈಲರಮ್ಮ ತೋರುಬೆರಳಿನಿಂದ ಮಗುವಿನ ಗಲ್ಲದ ಕೆಳಗೆ ಹಗುರಾಗಿ ಒಮ್ಮೆ ನೇವರಿಸಿದಳು. ದವಡೆ ಮತ್ತೆ ಅಲುಗಿತು. ಈ ಸಲ ನಿಲ್ಲಲಿಲ್ಲ. ನರ್ಸಕ್ಕ ಬಗ್ಗಿ ಆ ಪುಟ್ಟ ಕತ್ತನ್ನೇ ನೋಡುತ್ತಿದ್ದಳು. ಚರ್ಮದ ಕೆಳಗೆ ಏನೋ ಒಂದು ಮೇಲೇರಿ ಕೆಳಗಿಳಿಯಿತು, ತುಸು ತಡೆದು ಮತ್ತೊಮ್ಮೆ.

"ನುಂಗ್ತಿದಾಳೆ" ಎಂದಳು.

ಗಂಡ ಮೆಲ್ಲಗೆ ಕೇಳಿದ, "ಮೂಗಿನ ನಳಿಕೆ ಯಾವಾಗ ತೆಗೀತೀರಿ?"

"ಹೀಗೇ ಕುಡಿದ್ರೆ ಈ ವಾರದಲ್ಲೇ ತೆಗೆಯೋಣ" ಎಂದಳು ವಾರ್ಡಿನ ನರ್ಸು.

ಅತ್ತೆ ಹಾಸಿಗೆಯ ತುದಿಯಲ್ಲಿ ಕೂತು, ಸೊಸೆಯ ಬೆನ್ನಿಗೆ ದಿಂಬು ಎತ್ತರಿಸಿ ಕೊಟ್ಟಳು.